ಎಡಗೈ ತೋರಿಸಿದ ಕಾರ್ಡು

ಜೂನ್ ೩, ಸೋಮವಾರ

ಕಂಕನಾಡಿಯ ಆಸ್ಪತ್ರೆಯಲ್ಲಿ ಮಾತು ಕಲಿಸುವ ಹುಡುಗಿ ಒಬ್ಬಳಿದ್ದಾಳೆ, ಯಶ್ಮಿತಾ ಎಂದು ಹೆಸರು. "ಆಂಟಿ, ಅಂಕಲ್ ದಿನಾ ಎಂತ ಮಾಡಿದ್ರು, ಎಂತ ಹೇಳಿದ್ರು, ಒಂದು ಪುಸ್ತಕದಲ್ಲಿ ಬರೀತಾ ಬನ್ನಿ" ಎಂದಳು. ನಾನು ಐದನೇ ಕ್ಲಾಸಿಗೆ ಶಾಲೆ ಬಿಟ್ಟು ಬೀಡಿ ಕಟ್ಟಲು ಕೂತವಳು, ನನ್ನ ಅಕ್ಷರ ಯಾರಿಗೆ ಬೇಕು ಎಂದೆ. "ಯಾರಿಗೂ ಬೇಡ, ನಿಮಗೇ" ಎಂದಳು. ಆಯಿತು. ಬೈಯಲು ತುಳು ಒಳ್ಳೆಯದು, ಬರೆಯಲು ಬರುವುದು ಕನ್ನಡ ಮಾತ್ರ. ಕನ್ನಡದಲ್ಲೇ ಬರೆಯುತ್ತೇನೆ.

ಈ ಮನುಷ್ಯ ಇವತ್ತು ಏನು ಹೇಳಿದರು? "ಅಂದ್" ಎಂದರು. ಗಂಜಿ ಬೇಕಾ ಎಂದರೆ ಅಂದ್. ಫ್ಯಾನ್ ಹಾಕಬೇಕಾ, ಅಂದ್. ಫ್ಯಾನ್ ತೆಗೆಯಬೇಕಾ, ಅಂದ್. ತುಳುವಿನಲ್ಲಿ ಅಂದ್ ಎಂದರೆ ಹೌದು. ಸ್ಟ್ರೋಕ್ ಆಗಿ ಬಲಗೈ ಬಲಗಾಲು ಹೋದವು, ಬಾಯಿಯಲ್ಲಿ ಉಳಿದದ್ದು ಇದೊಂದೇ ಮಾತು.

ಇದೇನು ಹೊಸತಾ? ಮದುವೆಯಾದಂದಿನಿಂದ ನಾನು ಏನು ಹೇಳಿದರೂ ಗುರುವಪ್ಪ ಎಂಬ ಈ ಜನ "ಅಂದ್ ಅಂದ್" ಎಂದು ತಲೆಯಾಡಿಸಿ, ಆಮೇಲೆ ತಮಗೆ ಕಂಡದ್ದನ್ನೇ ಮಾಡಿದವರು. ಸ್ಟ್ರೋಕ್ ಆದ ದಿನ ಬೆಳಿಗ್ಗೆ ಚಾ ಕೊಟ್ಟು ನಾನು ಏನೇನೋ ಕೇಳಿದೆ, ಎಲ್ಲದಕ್ಕೂ ಅಂದ್ ಎಂದರು. ಲೋಟ ಕೈಯಿಂದ ಜಾರಿ ಬಿದ್ದ ಮೇಲೆಯೇ ನನಗೆ ಗೊತ್ತಾದದ್ದು. "ಸ್ವಲ್ಪ ಬೇಗ ತರಬೇಕಿತ್ತು" ಎಂದರು ಡಾಕ್ಟರು. ಬೇಗ ತರುವುದು ಹೇಗೆ? ಯಾವಾಗಲೂ ಹೀಗೇ ಮಾತಾಡುವ ಮನುಷ್ಯನನ್ನು?

ಜೂನ್ ೫, ಬುಧವಾರ

ಗಾಲಿ ಕುರ್ಚಿಯಲ್ಲಿ ಕೂರಿಸಿದರೆ ಸಾಕು, ಎಡಗೈ ಬಾಗಿಲಿನ ಕಡೆಗೆ ಹೋಗುತ್ತದೆ. ಹೊರಗೆ ಹೋಗಬೇಕಂತೆ. ಹೊರಗೆ ಎಂದರೆ ಕಾರ್ ಶೆಡ್ಡಿಗೆ. ನಮಗೆ ಕಾರಿಲ್ಲ. ಕಾರಿನ ಜಾಗದಲ್ಲಿ ಇವರ ಮಿಷಿನ್ ಇದೆ. ಮಂಚದಷ್ಟು ದೊಡ್ಡ ಕಬ್ಬಿಣದ ಚೌಕಟ್ಟು, ಮೇಲೆ ಆಚೀಚೆ ಜಾರುವ ಅಡ್ಡ ತೊಲೆ, ಅದಕ್ಕೆ ಮರ ಕೊರೆಯುವ ಮೋಟಾರು. ಕಂಪ್ಯೂಟರಿನಲ್ಲಿ ಚಿತ್ರ ಹಾಕಿದರೆ ಅದೇ ಹೋಗಿ ಹಲಗೆಯ ಮೇಲೆ ಕೊರೆಯುತ್ತದಂತೆ. ಬೈಕಂಪಾಡಿಯ ಕಾರ್ಖಾನೆಯಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದವರು ರಿಟೈರ್ ಆದ ಮೇಲೆ ನೆಂಟರ ಮನೆ, ಮದುವೆ, ಪೂಜೆ ಎಂದು ತಿರುಗಬಹುದಿತ್ತು. ಅದು ಬಿಟ್ಟು ಗುಜರಿಯಿಂದ ಒಂದೊಂದೇ ತುಂಡು ತಂದು ಇದನ್ನು ಕಟ್ಟಿದರು. ಹಪ್ಪಳ ಒಣಗಿಸಲು ಜಾಗವಿಲ್ಲ ಎಂದು ನಾನು ಜಗಳ ಮಾಡದ ದಿನವಿಲ್ಲ.

ಮಿಷಿನಿನ ಬದಿಯಲ್ಲಿ ಒಂದು ತಗಡಿನ ಪೆಟ್ಟಿಗೆ. ಒಳಗೆ ತಂತಿಗಳನ್ನು ಜಡೆ ಹೆಣೆದ ಹಾಗೆ ಕಟ್ಟಿ ಇಟ್ಟಿದ್ದಾರೆ. ಮನೆಯಲ್ಲಿ ಒಂದು ಅಂಗಿ ಮಡಚಿ ಇಟ್ಟವರಲ್ಲ. ಪೆಟ್ಟಿಗೆಯ ನಡುವೆ ಅಂಗೈಯಗಲ ಜಾಗ ಖಾಲಿ. ಇವರು ಅದನ್ನೇ ನೋಡುತ್ತಾ ಕೂತರು. ಊಟಕ್ಕೆ ಕರೆದರೂ ತಿರುಗಲಿಲ್ಲ.

ಮಗಳು ತೃಪ್ತಿ ಬ್ಯಾಂಕಿನ ಕೆಲಸ ಮುಗಿಸಿ ಬಂದು ನೋಡಿದಳು. "ಅಪ್ಪನಿಗೆ ಎಂತ ಗೊತ್ತಾಗ್ತದೆ ಅಮ್ಮ? ಗೋಡೆ ನೋಡಿದ ಹಾಗೆ ನೋಡುದು ಅಷ್ಟೆ." ನನಗೆ ಸಿಟ್ಟು ಬಂತು. ಆದರೆ ಡಾಕ್ಟರೂ ಅದನ್ನೇ ಹೇಳಿದ್ದು, ಎಷ್ಟು ಅರ್ಥವಾಗುತ್ತದೆ ಎಂದು ಹೇಳಲು ಬರುವುದಿಲ್ಲವಂತೆ.

ಒಳಗೆ ಆ ಮನುಷ್ಯ ಇದ್ದಾರೋ ಇಲ್ಲವೋ, ನನಗೆ ಅದೊಂದು ಗೊತ್ತಾಗಬೇಕು. ಇದ್ದರೆ ಬೈಯಬಹುದು. ಇಲ್ಲದವರನ್ನು ಬೈದು ಏನು ಪ್ರಯೋಜನ?

ಜೂನ್ ೧೧, ಮಂಗಳವಾರ

ಇವರ ತಂಗಿಯ ಮಗ ರೂಪೇಶ್ ಬಂದಿದ್ದ. ಪಂಪ್‌ವೆಲ್‌ನಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ ಇಟ್ಟವನು. ಪೆಟ್ಟಿಗೆಯೊಳಗೆ ಟಾರ್ಚ್ ಬಿಟ್ಟು ನೋಡಿದ.

"ಮಾಮಿ, ಕಂಪ್ಯೂಟರ್ ಉಂಟು. ಮೋಟಾರ್ ಉಂಟು. ಮೋಟಾರ್ ತಿರುಗಿಸುವ ಡ್ರೈವ್ ಉಂಟು. ನಡುವಿನ ಕಾರ್ಡ್ ಒಂದು ಇಲ್ಲ. ಕಂಪ್ಯೂಟರ್ ಹೇಳಿದ್ದನ್ನು ಡ್ರೈವಿಗೆ ಮುಟ್ಟಿಸುವಂಥದ್ದು."

"ಮದುವೆ ದಲ್ಲಾಳಿ ಅನ್ನು."

"ಹಾಂ, ಹಾಗೇ. ಮಾಮ ಯಾವುದು ಹಾಕುದು ಅಂತ ಹುಡುಕ್ತಾ ಇದ್ರು. ಮೂರು ನಮೂನೆ ಉಂಟು." ಒಂದು ಹಳೇ ಕಂಪ್ಯೂಟರಿನ ಹಿಂದೆ ಪ್ರಿಂಟರಿನ ಜಾಗಕ್ಕೆ ಸಿಕ್ಕಿಸುವಂಥದ್ದು, ಒಂದು ಯುಎಸ್‌ಬಿಗೆ, ಒಂದು ಇಂಟರ್ನೆಟ್ಟಿನ ತಂತಿಗೆ. ಫೋನಿನಲ್ಲಿ ಮೊದಲನೆಯದರ ಫೋಟೋ ಹುಡುಕಿ ಇವರ ಮುಖದ ಎದುರು ಹಿಡಿದ. "ಮಾಮ, ಇದಾ?"

"ಅಂದ್."

ರೂಪೇಶ್ ಎರಡನೆಯದನ್ನು ತೋರಿಸಲು ಹೊರಟ. "ಒಮ್ಮೆ ಹೇಳಿ ಆಯ್ತಲ್ಲ, ಇನ್ನೆಷ್ಟು ಸಲ ಕೇಳ್ತಿ? ಅದನ್ನೇ ತಾ" ಎಂದು ನಾನು ಗದರಿಸಿದೆ. ಮಿಷಿನ್ ತಿರುಗುವುದನ್ನು ನೋಡಿದರೆ ಈ ಮನುಷ್ಯನ ತಲೆಯೂ ತಿರುಗೀತು ಎಂದು ನನ್ನ ಲೆಕ್ಕ.

ಜೂನ್ ೧೯, ಬುಧವಾರ

ಉಪ್ಪಿನಕಾಯಿ ಕೊಡಲಿಲ್ಲ ಎಂದು ಗಂಜಿಯ ಬಟ್ಟಲು ತಳ್ಳಿ ನೆಲಕ್ಕೆ ಹಾಕಿದರು. ಹಾಗೆಂದು ನಾನು ತಿಳಿದುಕೊಂಡದ್ದು. ಉಪ್ಪಿನಕಾಯಿ ಕೊಟ್ಟರೆ ಅದನ್ನೂ ತಳ್ಳಿದರು. ಬೈದೆ. ಅಂದ್ ಎಂದರು. ಮತ್ತೂ ಬೈದೆ.

ಜೂನ್ ೨೮, ಶುಕ್ರವಾರ

ಇದನ್ನು ಬರೆಯಲೇಬೇಕು.

ರೂಪೇಶ್ ಕಾರ್ಡು ತಂದು ಪೆಟ್ಟಿಗೆಯೊಳಗೆ ಕೂರಿಸಿದ. ನಾನು ಇವರನ್ನು ಕುರ್ಚಿಯಲ್ಲಿ ಮಿಷಿನಿನ ಬದಿಗೆ ತಂದು ನಿಲ್ಲಿಸಿದ್ದೆ. ತಂತಿಗಳನ್ನು ಡ್ರೈವಿಗೆ ಕೊಡುವಾಗ ಇವರು "ಅಂದ್" ಎಂದರು. ಇನ್ನೊಂದು ತಂತಿ ಕೊಟ್ಟ. "ಅಂದ್! ಅಂದ್!" ಸ್ವರ ಏರಿತು, ಮುಖ ಕೆಂಪಾಯಿತು.

"ನೋಡಿ ಮಾಮಿ, ಮಾಮನಿಗೆ ಎಷ್ಟು ಖುಷಿ!"

ನನಗೂ ಖುಷಿಯಾಯಿತು. ಇಷ್ಟು ದಿನದಲ್ಲಿ ಇಷ್ಟು ಜೋರಾಗಿ ಬಾಯಿ ಬಿಟ್ಟವರಲ್ಲ. "ಹಾಕು, ಹಾಕು" ಎಂದೆ. ಅವನು ಸ್ವಿಚ್ ಹಾಕಿದ.

ಕಂಪ್ಯೂಟರಿನ ಒಂದು ಕೀಯೂ ಒತ್ತಿರಲಿಲ್ಲ. ತೊಲೆ ತನ್ನಷ್ಟಕ್ಕೇ ಹೊರಟಿತು. ಮೊದಲು ಮೆಲ್ಲಗೆ ಎಂದು ಕಂಡದ್ದು, ಕಣ್ಣು ಮಿಟುಕಿಸುವುದರೊಳಗೆ ಓಡಿಕೊಂಡು ಹೋಗಿ ಆ ತುದಿಗೆ ಗುದ್ದಿತು. ಶೆಡ್ಡಿನ ಶೀಟು ಅಲುಗಿತು. ಗುದ್ದಿದ ಮೇಲೂ ನಿಲ್ಲಲಿಲ್ಲ, ಗೊಂಯ್ ಎನ್ನುತ್ತಾ ದೂಡುತ್ತಲೇ ಇತ್ತು. ರೂಪೇಶ್ ಹಾರಿ ಮೇನ್ ತೆಗೆದ. "ನಾನು ಎಂತದೂ ಕೊಟ್ಟೇ ಇಲ್ಲ ಮಾಮಿ, ದೇವರಾಣೆ!" ಒಂದು ಕಬ್ಬಿಣದ ಪಟ್ಟಿ ಬಾಗಿ ಹೋಗಿತ್ತು.

ಇವರ ಕಣ್ಣಿನಿಂದ ನೀರು ಇಳಿಯುತ್ತಿತ್ತು. ಬಾಯಿ ಇನ್ನೂ ಅಂದ್ ಅಂದ್ ಎನ್ನುತ್ತಿತ್ತು. ಎಡಗೈ ಕುರ್ಚಿಯ ಹಿಡಿಯನ್ನು ಬಡಿಯುತ್ತಿತ್ತು. ಆ ಕೈ ಮೊದಲಿನಿಂದಲೂ ಬಡಿಯುತ್ತಿತ್ತು, ಮೊದಲನೆಯ ತಂತಿ ಕೊಡುವಾಗಿನಿಂದ. ಬೇಡ, ಬೇಡ, ಬೇಡ. ನಾನು ಬಾಯಿಯನ್ನು ಮಾತ್ರ ನೋಡುತ್ತಿದ್ದೆ.

ಜುಲೈ ೩, ಬುಧವಾರ

ಬೈಕಂಪಾಡಿಯ ಗುಜರಿ ಅಂಗಡಿಯ ಉಬೈದ್ ಬಂದ. ಈ ಮೋಟಾರು, ಡ್ರೈವ್ ಎಲ್ಲ ಅವನಲ್ಲಿಂದಲೇ ಬಂದದ್ದು. ಇವರು ಬಿದ್ದ ಮೇಲೆ ಮುಖ ತೋರಿಸಿರಲಿಲ್ಲ.

"ಗುರುವಣ್ಣನನ್ನು ಹೀಗೆ ನೋಡ್ಲಿಕ್ಕೆ ಆಗುದಿಲ್ಲ ಅಂತ ಬರ್ಲಿಲ್ಲ ಹೇಮಕ್ಕ."

"ನನಗೆ ಆಗ್ತದಾ? ನಾನು ಎಲ್ಲಿಗೆ ಓಡುದು?"

ಉಬೈದ್ ಪೆಟ್ಟಿಗೆಯ ಎದುರು ಕೂತು, ಅಲ್ಲೇ ಇದ್ದ ರೂಪೇಶನಿಗೆ ಬೈಯಲು ಸುರು ಮಾಡಿದ. "ಮಾರಾಯ, ಇದು ಹಳೇ ಕಾಲದ ಡ್ರೈವ್. ಹೊಸತಾದರೆ ಕರೆಂಟಿನ ಒಂದು ಏಟು ಕೊಟ್ರೆ ಮೋಟಾರ್ ಒಂದು ಹೆಜ್ಜೆ. ಇದು ಹಾಗಲ್ಲ, ಎಷ್ಟು ವೋಲ್ಟ್ ಕೊಟ್ರೆ ಅಷ್ಟು ಓಟ. ನಿನ್ನ ಕಾರ್ಡ್ ಏಟು ಕೊಡುವಂಥದ್ದು, ಸುಮ್ಮನೆ ಕೂತಿರುವಾಗಲೂ ಅದರ ತಂತಿಯಲ್ಲಿ ಐದು ವೋಲ್ಟ್ ನಿಂತಿರ್ತದೆ. ಓಡದೆ ಎಂತ ಮಾಡ್ತದೆ?"

"ಹಾಗಾದ್ರೆ ಅದನ್ನು ನಿಲ್ಲಿಸುದು ಹೇಗೆ?" ಕೇಳಿದ್ದು ನಾನು.

"ಮೋಟಾರಿನ ಬೆನ್ನಿಗೆ ಎನ್‌ಕೋಡರ್ ಅಂತ ಉಂಟು ಹೇಮಕ್ಕ. ಎಲ್ಲಿಗೆ ಮುಟ್ಟಿದೆ ಅಂತ ಅದು ವಾಪಸ್ ಹೇಳ್ತಾ ಇರ್ತದೆ. ಅದನ್ನು ಕೇಳಿ ಕೇಳಿ ವೋಲ್ಟ್ ಹೆಚ್ಚು ಕಮ್ಮಿ ಮಾಡುವ ಬೋರ್ಡ್ ಬೇಕು. ಹೇಳುವ ಬೋರ್ಡ್ ಸಾಲುದಿಲ್ಲ, ಕೇಳುವ ಬೋರ್ಡ್ ಬೇಕು."

"ಹೇಳುವವರು ಈ ಮನೆಯಲ್ಲಿ ಬೇಕಾದಷ್ಟು ಇದ್ದಾರೆ" ಎಂದಳು ತೃಪ್ತಿ ಒಳಗಿನಿಂದ. ನನ್ನನ್ನೇ ಕುಟುಕಿದ್ದು. ಉಬೈದ್ ನಗು ತಡೆಯಲು ಕೆಮ್ಮಿದ.

ಅಂಥ ಬೋರ್ಡು ಬೈಕಂಪಾಡಿಯ ಒಂದು ವರ್ಕ್‌ಶಾಪಿನಲ್ಲಿ ಸುಮ್ಮನೆ ಬಿದ್ದಿದೆಯಂತೆ, ತರುತ್ತೇನೆ ಎಂದ. ರೂಪೇಶ್ ಒಪ್ಪಲಿಲ್ಲ. ಹಳೇ ಡ್ರೈವುಗಳನ್ನೇ ಬಿಸಾಡಿ ಏಟಿಗೆ ಹೆಜ್ಜೆಯಿಡುವ ಹೊಸತು ಹಾಕುವ, ಕಾರ್ಡು ಇದೇ ಇರಲಿ ಎಂದ. ಇಬ್ಬರಿಗೂ ಜಗಳ.

"ಮಾಮನ ಹತ್ರವೇ ಕೇಳುವಾ" ಎಂದ ರೂಪೇಶ್.

"ಕೇಳಿದ್ರೆ ಎಂತ ಸಿಗ್ತದೆ? ಅಂದ್ ಸಿಗ್ತದೆ. ಹೋಗಿ ಇಬ್ಬರೂ."

ಜುಲೈ ೧೭, ಬುಧವಾರ

ತುಳುವರ ಮಳೆಗಾಲದ ಆಟಿ ತಿಂಗಳು ಸುರುವಾಯಿತು. ಅಟ್ಟದಿಂದ ಚೆನ್ನೆಮಣೆ ಇಳಿಸಿದೆ. ಎರಡು ಸಾಲು ಗುಳಿಯ ಈ ಮಣೆ ನನ್ನ ತಾಯಿಮನೆಯದ್ದು. ಚೆನ್ನೆಯನ್ನು ಆಟಿಯಲ್ಲಿ ಮಾತ್ರ ಆಡಬೇಕು. ಬೇರೆ ತಿಂಗಳಲ್ಲಿ ಮಣೆ ಮುಟ್ಟಿದರೆ ನನ್ನ ಅಮ್ಮ ಕೈಗೆ ಹೊಡೆಯುತ್ತಿದ್ದಳು. ನಾನೂ ತೃಪ್ತಿಗೆ ಹೊಡೆದಿದ್ದೇನೆ.

ಹೊತ್ತು ಹೋಗಲಿ ಎಂದು ಇವರ ಎದುರು ಇಟ್ಟು ಮಂಜೊಟ್ಟಿಯ ಕೆಂಪು ಬೀಜದ ಕಾಯಿಗಳನ್ನು ತುಂಬಿಸಿ ಮೊದಲು ನಾನು ಆಡಿದೆ. ಎಡಗೈ ಬಂತು. ನಾನು ಅಂದುಕೊಂಡದ್ದು, ಕಾಯಿ ಹೆಚ್ಚಿರುವ ಗುಳಿಗೆ ಕೈ ಹಾಕುತ್ತಾರೆ, ಮಕ್ಕಳು ಹಾಕುವ ಹಾಗೆ. ಹಾಕಲಿಲ್ಲ. ಕೈ ಎಲ್ಲ ಗುಳಿಗಳ ಮೇಲೆ ಮೆಲ್ಲಗೆ ದಾಟಿಕೊಂಡು ಹೋಗಿ ಮೂಲೆಯ ಕಾಯಿ ಕಮ್ಮಿ ಇದ್ದ ಗುಳಿಯಲ್ಲಿ ನಿಂತಿತು. ಒಂದೊಂದೇ ಕಾಯಿ ಬಿಡುತ್ತಾ ಬಂದರು. ಕೊನೆಯ ಕಾಯಿಯ ಆಚೆ ಖಾಲಿ ಗುಳಿ, ಅದರಾಚೆ ನಾನು ಕೂಡಿಸಿಟ್ಟ ರಾಶಿ. ಆಟದ ಲೆಕ್ಕದಲ್ಲಿ ಅದಷ್ಟೂ ಅವರಿಗೆ ಹೋಯಿತು.

ಅಂದ್ ಎಂದು ಸುಮ್ಮನೆ ಹೇಳಬಹುದು. ಹೀಗೆ ಸುಮ್ಮನೆ ಗೆಲ್ಲಲು ಬರುವುದಿಲ್ಲ.

ನನಗೆ ನಂಬಿಕೆ ಬರಲಿಲ್ಲ. ಮುಂದಿನ ಸಲ ಬೇಕೆಂದೇ ಒಂದು ಗುಳಿ ಬಿಟ್ಟು ಕಾಯಿ ಹಾಕಿದೆ. ಎಡಗೈ ಬಂದು ನನ್ನ ಮಣಿಕಟ್ಟು ಹಿಡಿಯಿತು.

ಒಳಗೆ ಇದ್ದಾರೆ.

ಮುಖ ತೊಳೆಯಲು ಹೋದೆ. ತುಂಬ ಹೊತ್ತು ತೊಳೆದೆ.

ಜುಲೈ ೨೨, ಸೋಮವಾರ

ಯಶ್ಮಿತಾಳಿಗೆ ಹೇಳಿದೆ. ಅವಳು ಕೂತಲ್ಲಿಂದ ಎದ್ದುಬಿಟ್ಟಳು. "ಆಂಟಿ, ಇನ್ನು ಬಾಯಿಗೆ ಪ್ರಶ್ನೆ ಕೇಳುದು ಬೇಡ. ಎರಡು ವಸ್ತು ಎದುರಿಗೆ ಇಡಿ, ಕೈ ಎಲ್ಲಿಗೆ ಹೋಗ್ತದೆ ನೋಡಿ. ಆದ್ರೆ ಒಂದು, ಜಾಗ ಬದಲಿಸಿ ಮತ್ತೊಮ್ಮೆ ಕೇಳ್ಬೇಕು. ಎರಡನೇ ಸಲವೂ ಅದೇ ವಸ್ತುವಿಗೆ ಹೋದ್ರೆ ಅದು ಅಂಕಲ್ ಹೇಳಿದ ಮಾತು. ಮತ್ತೆ ನೀವು ನಂಬ್ಲೇಬೇಕು."

ಮನೆಗೆ ಬಂದು ಉಪ್ಪಿನಕಾಯಿ ಮತ್ತು ಮಜ್ಜಿಗೆ ಇಟ್ಟೆ. ಮಜ್ಜಿಗೆ. ಜಾಗ ಬದಲಿಸಿದೆ. ಮಜ್ಜಿಗೆ. ಇಷ್ಟು ದಿನ ಮಜ್ಜಿಗೆ ಬೇಕೆಂದೇ ಬಟ್ಟಲು ತಳ್ಳುತ್ತಿದ್ದದ್ದು.

ಜುಲೈ ೩೦, ಮಂಗಳವಾರ

ರೂಪೇಶ್ ಹೊಸ ಡ್ರೈವ್ ಒಂದನ್ನು ತಂದ. ಉಬೈದ್ ವರ್ಕ್‌ಶಾಪಿನ ಹಳೇ ಬೋರ್ಡು ತಂದ. ಶೆಡ್ಡಿನಲ್ಲಿ ಮಿಷಿನಿನ ಬದಿಗೆ ಇವರನ್ನು ಕೂರಿಸಿ, ಊಟದ ಟ್ರೇಯಲ್ಲಿ ಎರಡನ್ನೂ ಇಟ್ಟು ಮಡಿಲಿನ ಮೇಲೆ ಇಟ್ಟೆ. ಯಾರೂ ಮಾತಾಡಬಾರದು ಎಂದು ಮೊದಲೇ ಹೇಳಿದ್ದೆ. ಉಬೈದ್ ಬಾಯಿಗೆ ಕೈ ಅಡ್ಡ ಇಟ್ಟುಕೊಂಡು ನಿಂತಿದ್ದ.

ಕೈ ಹಳೇ ಬೋರ್ಡನ್ನು ಮುಟ್ಟಿತು. ನಾನು ಜಾಗ ಬದಲಿಸಿದೆ. ಈ ಸಲ ಕೈ ಎರಡನ್ನೂ ಬಿಟ್ಟು ಟ್ರೇಯಿಂದ ಆಚೆ ಹೋಯಿತು.

"ನೋಡಿ ಮಾಮಿ, ಮಾಮನಿಗೆ ಗೊತ್ತಾಗುದಿಲ್ಲ" ಎಂದ ರೂಪೇಶ್.

"ಬಾಯಿ ಮುಚ್ಚು."

ಪೆಟ್ಟಿಗೆಯಿಂದ ಇಳಿಬಿದ್ದಿದ್ದ ಒಂದು ತಂತಿಯನ್ನು ಹಿಡಿದರು. ಎನ್‌ಕೋಡರಿನದ್ದು ಎಂದು ಉಬೈದ್ ಪಿಸುಗುಟ್ಟಿದ. ಅದನ್ನು ಎಳೆದು ತಂದು ಹಳೇ ಬೋರ್ಡಿನ ಅಂಚಿನಲ್ಲಿದ್ದ ಸಾಕೆಟ್ಟಿಗೆ ಒತ್ತಿದರು. ಒಂದೇ ಕೈ, ಬೋರ್ಡು ಜಾರುತ್ತಿತ್ತು. ನಾನು ಬೋರ್ಡು ಹಿಡಿದುಕೊಂಡೆ. ಕೂತಿತು.

"ಗುರುವಣ್ಣ!" ಎಂದು ಉಬೈದ್ ಜೋರಾಗಿ ಕೂಗಿ ಇವರ ಕಾಲು ಹಿಡಿದುಕೊಂಡ. ರೂಪೇಶ್ ತನ್ನ ಹೊಸ ಡ್ರೈವನ್ನು ಮೆಲ್ಲಗೆ ಚೀಲಕ್ಕೆ ಹಾಕಿದ. ಪಾಪ ಹುಡುಗ. ಚಾ ಮಾಡಿ ಕೊಟ್ಟೆ, ಅವನಿಗೆ ಮೊದಲು.

ಆಗಸ್ಟ್ ೧೦, ಶನಿವಾರ

ತೊಲೆ ಇವತ್ತು ಹೇಳಿದಷ್ಟು ದೂರ ಹೋಗಿ ಹೇಳಿದಲ್ಲಿ ನಿಂತಿತು. ಕೈಯಿಂದ ದೂಡಿದರೆ ತಿರುಗಿ ದೂಡಿ ತನ್ನ ಜಾಗಕ್ಕೇ ಬರುತ್ತದೆ. ಗಟ್ಟಿಗ. ಉಬೈದ್, ರೂಪೇಶ್ ಇಬ್ಬರೂ ಮಕ್ಕಳ ಹಾಗೆ ಮತ್ತೆ ಮತ್ತೆ ದೂಡಿ ನೋಡಿದರು.

ಇವರು ನೋಡಿದರು. "ಅಂದ್" ಎಂದರು, ಮೆಲ್ಲಗೆ. ನಾನು ಕೈ ನೋಡಿದೆ. ಮಡಿಲಿನಲ್ಲಿ ಬಿಚ್ಚಿಕೊಂಡು ಸುಮ್ಮನಿತ್ತು.

ಸ್ವಲ್ಪ ಹೊತ್ತಿನಲ್ಲಿ ನಿದ್ದೆ ಬಂತು. ಈಚೆಗೆ ಬೇಗ ಬಳಲುತ್ತಾರೆ. ನೀರು ಕುಡಿದರೂ ಕೆಮ್ಮು.

ಆಗಸ್ಟ್ ೧೭, ಶನಿವಾರ

ಆಟಿ ಮುಗಿಯಿತು. ಚೆನ್ನೆಮಣೆ ಅಟ್ಟಕ್ಕೆ ಹೋಗಬೇಕಿತ್ತು. ಕಾಲು ನೋವು, ಏಣಿ ಹತ್ತಲು ಆಗಲಿಲ್ಲ. ಸಂಜೆ ಒಂದು ಆಟ ಆಡಿದೆವು. ತೃಪ್ತಿ ನೋಡಿದಳು, ಲೈಟು ಹಾಕಿ ಕೊಟ್ಟು ಹೋದಳು.

ಆಗಸ್ಟ್ ೨೩, ಶುಕ್ರವಾರ

ಆಸ್ಪತ್ರೆ. ಗಂಜಿ ಶ್ವಾಸದ ನಾಳಕ್ಕೆ ಹೋಗಿ ಎದೆಯಲ್ಲಿ ಕಫ ಕಟ್ಟಿದೆ. ಮೂಗಿನಿಂದ ಟ್ಯೂಬು ಹಾಕಿದ್ದಾರೆ. ಇವರು ಎಡಗೈಯಿಂದ ಕಿತ್ತುಹಾಕಿದರು. ಮತ್ತೆ ಹಾಕಿ, ಆ ಕೈಯನ್ನು ಮಂಚಕ್ಕೆ ಕಟ್ಟಿದರು.

ಬಿಚ್ಚಿ ಎಂದೆ. ಆಗುವುದಿಲ್ಲವಂತೆ.

ಆಗಸ್ಟ್ ೨೪, ಶನಿವಾರ

ಇನ್ನೂ ಕಟ್ಟಿಯೇ ಇದ್ದಾರೆ.

ಸೆಪ್ಟೆಂಬರ್ ೧, ಭಾನುವಾರ

ಮನೆಗೆ ಬಂದೆವು. ಮೂಗಿನ ಟ್ಯೂಬು ತೆಗೆದಿದ್ದಾರೆ. ಹೊಟ್ಟೆಗೆ ತೂತು ಮಾಡಿ ಅಲ್ಲಿಂದಲೇ ಊಟ ಕೊಡುವ ಟ್ಯೂಬು ಹಾಕಬೇಕಂತೆ. ಬಾಯಿಯಿಂದ ಕೊಟ್ಟರೆ ಮತ್ತೆ ಎದೆಗೆ ಹೋಗುತ್ತದೆ, ಎಷ್ಟು ದಿನ ಎಂದು ಹೇಳಲಾಗದು ಎಂದರು ಡಾಕ್ಟರು. ಹಾಕಿಸಿದರೆ ಇನ್ನೂ ಕೆಲವು ಸಮಯ ಸಿಗಬಹುದು. ಬುಧವಾರ ಕರೆದಿದ್ದಾರೆ, ಅಲ್ಲಿಯ ತನಕ ಚಮಚದಲ್ಲಿ ಸ್ವಲ್ಪ ಸ್ವಲ್ಪವೇ ಕೊಡಬೇಕಂತೆ.

"ಹಾಕಿಸುವ ಅಮ್ಮ. ಅಪ್ಪ ಇರ್ಲಿ" ಎಂದಳು ತೃಪ್ತಿ.

ಇರಲಿ ಎಂದೇ ನನಗೂ. ಯಾರಿಗೆ ಬೇಡ?

ಸೆಪ್ಟೆಂಬರ್ ೩, ಮಂಗಳವಾರ

ನಿದ್ದೆ ಇಲ್ಲ. ಇವರನ್ನು ಕೇಳಬೇಕು. ಕೇಳದೆ ಹಾಕಿಸಬಹುದು, ಯಾರೂ ಏನೂ ಹೇಳುವುದಿಲ್ಲ. ಬಾಯಿಗೆ ಕೇಳಿದರೆ ಇನ್ನೂ ಸುಲಭ. ಟ್ಯೂಬು ಹಾಕಿಸುವುದಾ ಎಂದರೆ ಅಂದ್ ಎನ್ನುತ್ತಾರೆ. ಡಾಕ್ಟರ ಎದುರೇ ಎನ್ನುತ್ತಾರೆ.

ಸೆಪ್ಟೆಂಬರ್ ೪, ಬುಧವಾರ

ಬೆಳಿಗ್ಗೆ ತೃಪ್ತಿ ಬ್ಯಾಗು ತುಂಬಿಸಿ ಇಟ್ಟಿದ್ದಳು. "ರಿಕ್ಷಾಕ್ಕೆ ಹೇಳ್ಲಾ?" ಎಂದಳು. ನಿಲ್ಲು ಎಂದೆ.

ಆಸ್ಪತ್ರೆಯಲ್ಲಿ ತೋರಿಸಲು ಕೊಟ್ಟಿದ್ದ ಟ್ಯೂಬೊಂದು ಇತ್ತು. ಅದನ್ನು ಇವರ ಹೊಟ್ಟೆಯ ಮೇಲೆ ಇಟ್ಟು ತೋರಿಸಿದೆ. ಇದನ್ನು ಹಾಕಿಸಿದರೆ ಸ್ವಲ್ಪ ಸಮಯ ಇರುತ್ತೀರಿ ಎಂದೆ. ಗಂಜಿಯ ಬಟ್ಟಲು ತೋರಿಸಿದೆ. ಇದಾದರೆ ಇರುವುದಿಲ್ಲ ಎಂದೆ. ನನ್ನ ಬಾಯಿಯಿಂದಲೇ ಹೇಳಿದೆ, ತುಳುವಿನಲ್ಲಿ, ಬಿಡಿಸಿ ಬಿಡಿಸಿ. ಇವರು ನನ್ನ ಮುಖ ನೋಡುತ್ತಿದ್ದರು.

"ಅಮ್ಮ, ಇದೆಲ್ಲ ಕೇಳುವ ವಿಷಯವಾ?" ತೃಪ್ತಿ ಅತ್ತುಬಿಟ್ಟಳು. "ಒಂದು ಕಾರ್ಡ್ ತೋರಿಸಿದ ಹಾಗಾ ಇದು?"

"ಕಾರ್ಡಿಗೆ ಕೇಳಿದ್ದೇನೆ. ಇದಕ್ಕೆ ಕೇಳದಿದ್ರೆ ಹೇಗೆ ಮಗಾ?"

ಟ್ರೇಯ ಮೇಲೆ ಎರಡನ್ನೂ ಇಟ್ಟೆ. ಕೈ ಬಟ್ಟಲಿಗೆ ಹೋಯಿತು.

ಜಾಗ ಬದಲಿಸಿದೆ. ಬಟ್ಟಲಿಗೇ ಹೋಯಿತು.

ಎರಡು ಸಲ ಸಾಕು ಎಂದಿದ್ದಳು ಯಶ್ಮಿತಾ. ನಾನು ಮೂರನೆಯ ಸಲವೂ ಕೇಳಿದೆ. ಟ್ಯೂಬನ್ನು ಅವರ ಬೆರಳಿಗೆ ತಾಗುವಷ್ಟು ಹತ್ತಿರ ಇಟ್ಟೆ. ಬಟ್ಟಲನ್ನು ಟ್ರೇಯ ಆಚೆ ತುದಿಗೆ ದೂಡಿದೆ, ಎಟುಕದ ಹಾಗೆ. ಕೈ ಟ್ಯೂಬನ್ನು ದಾಟಿತು. ನಡುಗುತ್ತಾ, ನಿಂತು, ಮತ್ತೆ ಹೊರಟು, ಮೈಯನ್ನೇ ಎಳೆದುಕೊಂಡು ಹೋಯಿತು. ಬಟ್ಟಲಿನ ಅಂಚನ್ನು ಹಿಡಿಯಿತು.

ರಿಕ್ಷಾ ಬೇಡ, ಡಾಕ್ಟರಿಗೆ ಫೋನ್ ಮಾಡಿ ಹೇಳು ಎಂದೆ. ತೃಪ್ತಿ ಹೊರಗೆ ಹೋದಳು. ಶೆಡ್ಡಿನಲ್ಲಿ ನಿಂತು ಮಾತಾಡುವುದು ಕೇಳುತ್ತಿತ್ತು.

ಗಂಜಿ ಆರಿ ಹೋಗಿತ್ತು. ಬಿಸಿ ಮಾಡಿ ತರುತ್ತೇನೆ ಎಂದು ಎದ್ದೆ. ಬಟ್ಟಲು ಬಿಟ್ಟ ಕೈ ನನ್ನ ಕೈಯನ್ನು ಹಿಡಿಯಿತು, ಬಿಡಲಿಲ್ಲ. ತಣ್ಣಗಿನದನ್ನೇ ಕೊಟ್ಟೆ, ಚಮಚದ ತುದಿಯಲ್ಲಿ, ಒಂದೊಂದು ಗುಟುಕು ಇಳಿಯುವ ತನಕ ಕಾದು.